ಹಣ್ಣು ತಿಂದವರು ಇಬ್ಬರು, ಹೊರೆ ಹೊತ್ತವಳು ಒಬ್ಬಳು

ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಗಂಡ ಮತ್ತು ಅವನ ಮನೆಯವರು ನಡೆಸುವ ಕ್ರೌರ್ಯವನ್ನು ಅಪರಾಧವೆಂದು ಹೆಸರಿಟ್ಟು ಕರೆದ 498ಎ ಕಲಂ ಬಂದದ್ದು 1983ರಲ್ಲಿ. 2024ರ ಜುಲೈ 1ರಿಂದ ಅದೇ ವಿಷಯ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಂನಲ್ಲಿದೆ. ಕೌಟುಂಬಿಕ ಹಿಂಸೆಯಿಂದ ರಕ್ಷಣೆಗೆಂದೇ 2005ರಲ್ಲಿ ಇನ್ನೊಂದು ಕಾಯ್ದೆ ಆಯಿತು. ಕಾನೂನಿಗೇನೂ ಬರಗಾಲವಿಲ್ಲ. ಆದರೂ ಪೆಟ್ಟು ತಿಂದ ಹೆಣ್ಣು ಠಾಣೆಯ ಮೆಟ್ಟಿಲು ಹತ್ತುವ ಮುಂಚೆ ಹತ್ತು ಸಲ ಹಿಂದೆ ತಿರುಗಿ ನೋಡುತ್ತಾಳೆ. ಯಾಕೆ? ಕೈಯಲ್ಲಿ ಕಾಸಿಲ್ಲ, ತವರಿನಲ್ಲಿ ಜಾಗವಿಲ್ಲ, ಕಂಕುಳಲ್ಲಿ ಕೂಸಿದೆ. ಇವೆಲ್ಲ ನಿಜವೇ. ಇವುಗಳಿಗಾಗಿಯೇ ನಾವು ಸಂಘ ಕಟ್ಟಿದ್ದು, ಉಳಿತಾಯ ಮಾಡಿದ್ದು. ಆದರೆ ಪಾಸ್‌ಬುಕ್ಕಿನಲ್ಲಿ ಹಣವಿದ್ದವಳೂ, ಸ್ವಂತ ಸಂಬಳ ಎಣಿಸುವವಳೂ ಅದೇ ಮೆಟ್ಟಿಲ ಮುಂದೆ ನಿಂತುಬಿಡುತ್ತಾಳಲ್ಲ, ಅದಕ್ಕೇನು ಹೇಳೋಣ? ಅವಳ ತಲೆಯೊಳಗೆ ಯಾರೋ ಒಂದು ಕತೆಯನ್ನು ಕೂರಿಸಿದ್ದಾರೆ. ತಪ್ಪು ಮೊದಲಿನಿಂದಲೂ ಹೆಣ್ಣಿನದೇ, ಆದ್ದರಿಂದ ಅನುಭವಿಸಬೇಕಾದವಳೂ ಅವಳೇ ಎಂಬ ಕತೆ.

ಅಂಥ ಕತೆ ಎಲ್ಲ ಮತಗಳಲ್ಲೂ ಇದೆ. ಇಂದ್ರ ವೇಷ ಹಾಕಿಕೊಂಡು ಬಂದರೆ ಕಲ್ಲಾದವಳು ಅಹಲ್ಯೆ. ಗಂಡನ ಕೋಪಕ್ಕೆ ತಲೆ ಕಡಿಸಿಕೊಂಡವಳು ರೇಣುಕೆ. ಇವರ ಬಗ್ಗೆ ನಮ್ಮವರು ಸಾಕಷ್ಟು ಬರೆದಿದ್ದಾರೆ, ಮಾತಾಡಿದ್ದಾರೆ. ನಾನು ಇವತ್ತು ಎತ್ತಿಕೊಳ್ಳುವುದು ಬೈಬಲ್ಲಿನ ಸೃಷ್ಟಿಯ ಕತೆಯನ್ನು. ನಾನು ಹುಟ್ಟಿನಿಂದ ಕ್ರೈಸ್ತಳಲ್ಲ. ಆದರೆ ಮೂವತ್ತೆರಡು ವರ್ಷ ಸರ್ಕಾರಿ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸಿದವಳು. ಆ ಸಾಹಿತ್ಯದ ಯಾವ ಗೋಡೆಯ ಗಾರೆ ಕೆರೆದರೂ ಒಳಗೆ ಈ ಕತೆಯ ಇಟ್ಟಿಗೆ ಸಿಗುತ್ತದೆ. ಅದಿಲ್ಲದೆ ಮಿಲ್ಟನ್ ಇಲ್ಲ, ಮೇರಿ ಶೆಲ್ಲಿ ಇಲ್ಲ, ಷಾರ್ಲಟ್ ಬ್ರಾಂಟಿ ಇಲ್ಲ.

ಜಿಲ್ಲಾ ಮಟ್ಟದ ಒಂದು ಸಭೆಯಲ್ಲಿ ನಾನು ಈ ಮಾತು ತೆಗೆದಾಗ ನಮ್ಮದೇ ಚಳುವಳಿಯ ಗೆಳತಿಯೊಬ್ಬರು, "ಮೇಡಂ, ಧರ್ಮದ ತಂಟೆ ನಮಗೆ ಬೇಡ. ಎಫ್‌ಐಆರ್ ಬರೆಸೋದು ಹೇಗೆ ಅಂತ ಹೇಳಿಕೊಡೋಣ, ಸಾಕು" ಎಂದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಈ ದಿನಗಳಲ್ಲಿ ಇನ್ನೊಬ್ಬರ ಮತದ ಬಗ್ಗೆ ಬಾಯಿ ಬಿಟ್ಟರೆ ಬೆಂಕಿ ಹತ್ತುತ್ತದೆ. ಆದರೆ ನಾವು ಧರ್ಮದ ತಂಟೆಗೆ ಹೋಗದಿದ್ದರೂ ಧರ್ಮದ ಹೆಸರು ಹೇಳಿಕೊಂಡು ಹೆಣ್ಣಿನ ತಂಟೆಗೆ ಬರುವವರು ಸುಮ್ಮನಿರುತ್ತಾರೆಯೇ?

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಕ್ರೈಸ್ತ ಕುಟುಂಬ. ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಮದುವೆಯಲ್ಲಿ ಚಿನ್ನವನ್ನೂ ನಗದನ್ನೂ ಕೊಟ್ಟಿದ್ದಾಯಿತು; ಎರಡು ವರ್ಷದ ಮೇಲೆ ಊರಲ್ಲೊಂದು ಸೈಟು ಬೇಕೆಂದು ಗಂಡನ ಮನೆಯವರು ಶುರು ಮಾಡಿದರು. ಮಾತು ಬೈಗುಳವಾಯಿತು, ಬೈಗುಳ ಏಟಾಯಿತು, ಒಂದು ರಾತ್ರಿ ಕೈ ಮುರಿಯಿತು. ಅವಳು ಠಾಣೆಗೆ ಹೋಗಲಿಲ್ಲ, ತನ್ನ ಸಭೆಯ ಹಿರಿಯರೊಬ್ಬರ ಬಳಿ ಹೋದಳು. ಆತ ಸಿಡುಕಲಿಲ್ಲ, ಬಹಳ ಮೃದುವಾಗಿಯೇ, "ಏನು ಮಾಡೋದಮ್ಮಾ, ಹವ್ವ ಮಾಡಿದ್ದಕ್ಕೆ ಹೆಂಗಸರು ಅನುಭವಿಸಲೇಬೇಕಲ್ಲ. ಅವನು ನಿನ್ನನ್ನು ಆಳ್ತಾನೆ ಅಂತ ದೇವರೇ ಹೇಳಿಬಿಟ್ಟಿದ್ದಾನೆ" ಎಂದರಂತೆ. ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಇದನ್ನು ನನಗೆ ಹೇಳಿದಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ನಿಜವಿರಬಹುದೇನೋ ಎಂಬ ಹಾಗೆ ಹೇಳಿದಳು.

ಆದ್ದರಿಂದ ಕತೆಯನ್ನೇ ತೆರೆದು ನೋಡೋಣ ಬನ್ನಿ. ಕೇಳಿ ಗೊತ್ತಿರುವ ಕತೆಗೂ ಪುಸ್ತಕದಲ್ಲಿರುವ ಕತೆಗೂ ಎಷ್ಟು ದೂರವಿದೆ ಎಂದು ನೀವೇ ಅಳೆಯಿರಿ.

ಬೈಬಲ್ಲಿನ ಮೊದಲ ಪುಸ್ತಕದ ಹೆಸರು ಆದಿಕಾಂಡ. ಅದರಲ್ಲಿ ಸೃಷ್ಟಿಯ ಕತೆ ಒಂದಲ್ಲ, ಎರಡಿವೆ. ಮೊದಲ ಅಧ್ಯಾಯದ ಕತೆಯಲ್ಲಿ ದೇವರು ಆರು ದಿನದಲ್ಲಿ ಬೆಳಕು, ಆಕಾಶ, ಗಿಡಮರ, ಮೀನು, ಹಕ್ಕಿ, ದನಕರುಗಳನ್ನು ಸೃಷ್ಟಿಸಿ, ಕೊನೆಗೆ ಮನುಷ್ಯರನ್ನು ಸೃಷ್ಟಿಸುತ್ತಾನೆ. ಗಂಡನ್ನೂ ಹೆಣ್ಣನ್ನೂ ಒಟ್ಟಿಗೇ, ಇಬ್ಬರನ್ನೂ ತನ್ನ ಹೋಲಿಕೆಯಲ್ಲೇ. ಭೂಮಿಯನ್ನು ನೋಡಿಕೊಳ್ಳುವ ಅಧಿಕಾರ ಇಬ್ಬರಿಗೂ ಸಮವಾಗಿಯೇ ಕೊಡುತ್ತಾನೆ. ಇಲ್ಲಿ ಪಕ್ಕೆಲುಬಿಲ್ಲ, ಹಾವಿಲ್ಲ, ತಪ್ಪಿತಸ್ಥೆಯಿಲ್ಲ. ಎರಡನೆಯ ಅಧ್ಯಾಯದಲ್ಲಿ ಇನ್ನೊಂದು ಕತೆ ಶುರುವಾಗುತ್ತದೆ: ಮಣ್ಣಿನಿಂದ ಮಾಡಿದ ಮನುಷ್ಯ, ಏದೆನ್ ತೋಟ, ತಿನ್ನಬಾರದೆಂದ ಮರ, ಒಂಟಿಯಾಗಿದ್ದವನಿಗೆ ಗಾಢನಿದ್ದೆ ಬರಿಸಿ ಪಕ್ಕೆಯಿಂದ ಮಾಡಿದ ಹೆಣ್ಣು, ಹಾವಿನ ಮಾತು, ಹಣ್ಣು, ಶಿಕ್ಷೆ. ಎರಡು ಬೇರೆ ಬೇರೆ ಪರಂಪರೆಗಳು ಇಲ್ಲಿ ಒಟ್ಟುಗೂಡಿವೆ ಎಂದು ಬೈಬಲ್ ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ.

ಈಗ ಹೇಳಿ, ನೀವು ಸಿನಿಮಾದಲ್ಲಿ, ನಗೆಹನಿಯಲ್ಲಿ, ಕ್ಯಾಲೆಂಡರಿನ ಚಿತ್ರದಲ್ಲಿ ಕಂಡಿರುವುದು ಯಾವ ಕತೆ? ಎರಡನೆಯದೇ ತಾನೆ? ಸಮಾನರಾಗಿ ಒಟ್ಟಿಗೆ ಹುಟ್ಟಿದ ಕತೆ ಅದೇ ಪುಸ್ತಕದಲ್ಲಿ, ಅದಕ್ಕಿಂತ ಮುಂಚಿನ ಪುಟದಲ್ಲಿದ್ದರೂ ನಾಲಗೆಯ ಮೇಲೆ ಓಡಾಡಲಿಲ್ಲ. ಎರಡು ಕತೆ ಕೈಗೆ ಕೊಟ್ಟರೆ ಪುರುಷಪ್ರಧಾನ ಸಮಾಜ ತನಗೆ ಅನುಕೂಲವಾದದ್ದನ್ನು ಆರಿಸಿಕೊಳ್ಳುತ್ತದೆ.

ಹೋಗಲಿ, ಆ ಎರಡನೆಯ ಕತೆಯನ್ನೇ ಓದೋಣ. ಹೆಣ್ಣು ಆಮೇಲೆ ಹುಟ್ಟಿದಳು, ಆದ್ದರಿಂದ ಕೀಳು ಎನ್ನುತ್ತಾರೆ. ಮೊದಲು ಬಂದವರು ದೊಡ್ಡವರಾದರೆ ಮೊದಲ ಅಧ್ಯಾಯದ ಲೆಕ್ಕದಲ್ಲಿ ಎತ್ತು, ಎಮ್ಮೆಗಳೆಲ್ಲ ಗಂಡಸಿಗಿಂತ ದೊಡ್ಡವು! ಪಕ್ಕೆಲುಬು ಎಂದು ಅನುವಾದವಾಗಿರುವ ಹೀಬ್ರೂ ಮಾತು ಬೈಬಲ್ಲಿನ ಬೇರೆ ಜಾಗಗಳಲ್ಲಿ ಸಾಮಾನ್ಯವಾಗಿ ಪಕ್ಕ, ಮಗ್ಗುಲು ಎಂಬ ಅರ್ಥದಲ್ಲಿ ಬರುತ್ತದೆ, ಗುಡಾರದ ಒಂದು ಪಕ್ಕ ಎನ್ನುವ ಹಾಗೆ. ಹೆಣ್ಣನ್ನು 'ಸಹಾಯ' ಎಂದು ಕರೆದಿದೆ, ಸಹಾಯಕಿ ಎಂದರೆ ಆಳು ಎನ್ನುತ್ತಾರೆ. ಅದೇ ಹೀಬ್ರೂ ಪದವನ್ನು ಕೀರ್ತನೆಗಳಲ್ಲಿ ದೇವರಿಗೇ ಬಳಸಿದ್ದಾರೆ. ದೇವರು ನಮ್ಮ ಆಳೇ? ಅಮೆರಿಕದ ಬೈಬಲ್ ವಿದುಷಿ ಫಿಲಿಸ್ ಟ್ರಿಬಲ್ 1970ರ ದಶಕದಲ್ಲಿ ಹೀಗೆ ಒಂದೊಂದು ಪದವನ್ನೂ ಎತ್ತಿ ಬಿಸಿಲಿಗೆ ಹಿಡಿದು ತೋರಿಸಿದರು.

ಇನ್ನೂ ಒಂದು ಸೂಕ್ಷ್ಮವಿದೆ. ಹೆಣ್ಣು ಹಣ್ಣು ತಿಂದು ಗಂಡನಿಗೆ ಕೊಟ್ಟಾಗ ಆತ ಎಲ್ಲಿದ್ದ? ಹೊಲಕ್ಕೆ ಹೋಗಿದ್ದನೇ? ಇಲ್ಲ. ಅವಳ ಜೊತೆಯಲ್ಲೇ ಇದ್ದ ಎಂದು ಮೂಲದಲ್ಲಿ ಸ್ಪಷ್ಟವಾಗಿದೆ. ಪಕ್ಕದಲ್ಲೇ ನಿಂತು ಹಾವಿನ ಮಾತನ್ನೆಲ್ಲ ಕೇಳಿಸಿಕೊಂಡು, ಬೇಡ ಎನ್ನದೆ, ಕೈ ಚಾಚಿ ಇಸಿದುಕೊಂಡು ತಿಂದ. ಆದರೆ ಕ್ರಿಸ್ತಶಕ 400ರ ಸುಮಾರಿಗೆ ಜೆರೋಮ್ ಮಾಡಿದ ಲ್ಯಾಟಿನ್ ಅನುವಾದದಲ್ಲಿ ಈ 'ಜೊತೆಯಲ್ಲಿದ್ದ' ಎಂಬ ಮಾತು ಬಿಟ್ಟುಹೋಯಿತು. ಯುರೋಪು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಓದಿದ್ದು ಆ ಲ್ಯಾಟಿನ್ ಬೈಬಲ್ಲನ್ನು. ಒಂದು ಪುಟ್ಟ ಪದ ಬಿಟ್ಟರೆ ಸಾಕು, ಸಾಕ್ಷಿಯಾಗಿ ಪಕ್ಕದಲ್ಲಿ ನಿಂತಿದ್ದವನು ಮನೆಗೆ ಬಂದಾಗ ಮೋಸಹೋದ ಪಾಪದವನಾಗಿಬಿಡುತ್ತಾನೆ! ಮುಂದೆ ದೇವರು ವಿಚಾರಣೆ ಮಾಡಿದಾಗ ಆತನ ಉತ್ತರವೇನು? ನೀನೇ ಕೊಟ್ಟ ಹೆಂಗಸು ತಿನ್ನಿಸಿದಳು ಎಂದು ದೇವರನ್ನೂ ಹೆಂಡತಿಯನ್ನೂ ಒಂದೇ ಉಸಿರಿನಲ್ಲಿ ದೂರುತ್ತಾನೆ. ಸಾರು ಸೀದರೂ ಹೆಂಡತಿ, ಮಗ ಫೇಲಾದರೂ ಹೆಂಡತಿ, ವ್ಯಾಪಾರ ಮುಳುಗಿದರೂ ಅವಳ ಕಾಲ್ಗುಣ ಎನ್ನುವವರು ನಮ್ಮಲ್ಲಿಲ್ಲವೇ?

ಈ ಬೀಜದ ಮೇಲೆ ಗಂಡಸರು ಶತಮಾನಗಟ್ಟಲೆ ನೀರೆರೆದರು. ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯಲ್ಲಿ, ಮೋಸಹೋದವಳು ಹೆಣ್ಣು, ಆದ್ದರಿಂದ ಅವಳು ಉಪದೇಶ ಮಾಡಬಾರದು ಎಂಬ ವಾದ ಬಂತು. ಕ್ರಿಸ್ತಶಕ 200ರ ಸುಮಾರಿನಲ್ಲಿದ್ದ ತೆರ್ತುಲ್ಲಿಯನ್ ಎಂಬ ಪಂಡಿತ ಎಲ್ಲ ಹೆಂಗಸರೂ ಸೈತಾನನಿಗೆ ಬಾಗಿಲಾದವರು ಎಂದು ಬರೆದ. 15ನೆಯ ಶತಮಾನದ ಕೊನೆಯಲ್ಲಿ ಹೈನ್ರಿಕ್ ಕ್ರಾಮರ್ ಎಂಬ ಸನ್ಯಾಸಿ ಮಾಟಗಾತಿಯರನ್ನು ಹಿಡಿದು ಶಿಕ್ಷಿಸುವುದಕ್ಕೆಂದೇ ಒಂದು ಗ್ರಂಥ ಬರೆದ. ಅದರಲ್ಲಿ, ಸೊಟ್ಟಗಿರುವ ಪಕ್ಕೆಲುಬಿನಿಂದ ಹುಟ್ಟಿದವಳಾದ್ದರಿಂದ ಹೆಣ್ಣಿನ ಸ್ವಭಾವವೇ ಸೊಟ್ಟ ಎಂಬ ತರ್ಕವಿದೆ. ನಗು ಬರುತ್ತದಲ್ಲವೇ? ಮಾಟಗಾತಿಯರೆಂದು ಸುಟ್ಟ ಹೆಂಗಸರ ಚಿತೆಗೆ ಇಂಥ ತರ್ಕವೇ ಸೌದೆಯಾಯಿತು.

ಆದರೆ ಈ ಕತೆಗೆ ಎಲ್ಲರಿಗಿಂತ ಹೆಚ್ಚು ಬಲ ತಂದವನು ಪುರೋಹಿತನಲ್ಲ, ಒಬ್ಬ ಕವಿ. ಜಾನ್ ಮಿಲ್ಟನ್. ಅವನ 'ಪ್ಯಾರಡೈಸ್ ಲಾಸ್ಟ್' ಮಹಾಕಾವ್ಯ 1667ರಲ್ಲಿ ಪ್ರಕಟವಾಯಿತು. ನಮ್ಮ ಕುವೆಂಪು ಕೂಡ ತಮ್ಮ 'ಶ್ರೀ ರಾಮಾಯಣ ದರ್ಶನಂ'ನ ಆರಂಭದಲ್ಲಿ ಅವನಿಗೆ ನಮಿಸಿದ್ದಾರೆ. ನಾನೂ ಅದನ್ನು ವರ್ಷಗಟ್ಟಲೆ ಪ್ರೀತಿಯಿಂದಲೇ ಪಾಠ ಮಾಡಿದ್ದೇನೆ. ಅದ್ಭುತ ಕಾವ್ಯ. ಅದ್ಭುತವಾಗಿರುವುದರಿಂದಲೇ ಅಪಾಯ. ಮೂಲದ ಕತೆ ಒಂದೆರಡು ಪುಟ. ಮಿಲ್ಟನ್ ಅದನ್ನು ಹತ್ತು ಸಾವಿರಕ್ಕೂ ಹೆಚ್ಚು ಸಾಲು ಮಾಡಿದ. ಎಲ್ಲಿಂದ ತಂದ ಉಳಿದದ್ದನ್ನು? ತನ್ನ ಕಾಲದ ಗಂಡಸರ ತಲೆಯಿಂದ, ಒಂದಿಷ್ಟು ತನ್ನ ಮನೆಯಿಂದ.

ಅವನು ಸೇರಿಸಿದ್ದನ್ನು ನೋಡಿ. ಹವ್ವ ಹುಟ್ಟಿದ ಕೂಡಲೇ ನೀರಿನಲ್ಲಿ ತನ್ನ ರೂಪ ಕಂಡು ಮೈಮರೆಯುತ್ತಾಳೆ. ಮೂಲದಲ್ಲಿಲ್ಲ. ಆದಾಮನಿಗೆ ದೇವರು ನೇರ, ಹವ್ವ ಮಾತ್ರ ಗಂಡನ ಮೂಲಕವೇ ದೇವರನ್ನು ಕಾಣಬೇಕು. ಇದೂ ಮೂಲದಲ್ಲಿಲ್ಲ. ದೇವದೂತ ಬಂದು ಆದಾಮನ ಜೊತೆ ಸೂರ್ಯ ನಕ್ಷತ್ರಗಳ ವಿಚಾರ ಮಾತಾಡುವಾಗ ಹವ್ವ ಎದ್ದು ಹೂಗಿಡಗಳ ಕಡೆ ಹೋಗುತ್ತಾಳೆ; ಇಂಥದ್ದನ್ನೆಲ್ಲ ಗಂಡನ ಬಾಯಿಂದ ಆಮೇಲೆ ಕೇಳುವುದೇ ಅವಳಿಗೆ ಇಷ್ಟವಂತೆ. ಕೊನೆಯಲ್ಲಿ ಮನುಷ್ಯಕುಲದ ಮುಂದಿನ ಚರಿತ್ರೆಯನ್ನೆಲ್ಲ ದೇವದೂತ ಬೆಟ್ಟದ ಮೇಲೆ ಆದಾಮನಿಗೆ ತೋರಿಸುತ್ತಾನೆ, ಆಗ ಹವ್ವಳನ್ನು ಕೆಳಗೆ ನಿದ್ದೆ ಮಾಡಿಸಿರುತ್ತಾರೆ! ನಾನು ತರಗತಿಯಲ್ಲಿ ಈ ಭಾಗ ಹೇಳಿದಾಗಲೆಲ್ಲ ಹಿಂದಿನ ಬೆಂಚಿನ ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು. ಗ್ರಾಮಸಭೆಗೆ ಗಂಡಸರು, ಅಡಿಗೆ ಮನೆಗೆ ಹೆಂಗಸರು ಎಂಬುದು ಅವರಿಗೆ ಹೊಸ ಸುದ್ದಿಯಾಗಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಸೇರ್ಪಡೆ ಒಂಬತ್ತನೆಯ ಭಾಗದಲ್ಲಿದೆ. ಇವತ್ತು ಬೇರೆ ಬೇರೆ ಕಡೆ ಕೆಲಸ ಮಾಡೋಣ ಎಂದು ಹವ್ವ ಕೇಳುತ್ತಾಳೆ, ಆದಾಮ ಒಲ್ಲದ ಮನಸ್ಸಿನಿಂದ ಒಪ್ಪುತ್ತಾನೆ, ಅವಳು ಒಂಟಿಯಾಗಿದ್ದಾಗ ಹಾವು ಬರುತ್ತದೆ. ಅಂದರೆ ಗಂಡನ ಕಣ್ಣಳತೆಯಿಂದ ಹೊರಗೆ ಹೋದದ್ದೇ ಅನಾಹುತಕ್ಕೆ ಮೂಲ! 'ಅವಳನ್ನು ಒಬ್ಬಳೇ ಹೊರಗೆ ಬಿಟ್ಟದ್ದೇ ತಪ್ಪಾಯಿತು' ಎನ್ನುವ ಮಾತಿಗೆ ಮಹಾಕಾವ್ಯದ ಮುದ್ರೆ ಬಿತ್ತು. ಹಣ್ಣು ತಿಂದ ಮೇಲೆ ಹವ್ವ, ಈ ಅರಿವನ್ನು ನನ್ನಲ್ಲೇ ಇಟ್ಟುಕೊಂಡರೆ ನಾನು ಅವನಿಗೆ ಸಮಳಾಗಬಹುದಲ್ಲ ಎಂದು ಒಂದು ಕ್ಷಣ ಯೋಚಿಸುತ್ತಾಳೆ. ಸಮಾನತೆಯ ಆಸೆಯನ್ನೇ ಪಾಪದ ಗುರುತಾಗಿ ಮಾಡಿದ್ದು ಮಿಲ್ಟನ್, ಬೈಬಲ್ಲಲ್ಲ.

ಈ ಕವಿಯ ಸಂಸಾರದ ವಿಷಯವನ್ನೂ ಹೇಳಿಬಿಡುತ್ತೇನೆ. 1642ರಲ್ಲಿ ಮದುವೆಯಾದ ಮೊದಲ ಹೆಂಡತಿ ಮೇರಿ ಪೋವೆಲ್ ಒಂದು ತಿಂಗಳ ಆಸುಪಾಸಿನಲ್ಲೇ ತವರಿಗೆ ಹೋದಳು, ಮೂರು ವರ್ಷ ಬರಲಿಲ್ಲ. 1643ರಲ್ಲಿ ಮಿಲ್ಟನ್ ಮನಸ್ಸು ಹೊಂದದಿದ್ದರೆ ವಿಚ್ಛೇದನ ಬೇಕು ಎಂದು ಪುಸ್ತಕ ಬರೆದ. ಆ ಕಾಲಕ್ಕೆ ದೊಡ್ಡ ಧೈರ್ಯವೇ. ಆದರೆ ಅಲ್ಲಿ ಮನಸ್ಸು ನೋಯುವುದು ಹೆಚ್ಚಾಗಿ ಗಂಡನದೇ.

ಹೆಂಗಸರು ಸುಮ್ಮನಿದ್ದರೇ? ಖಂಡಿತ ಇಲ್ಲ. ಇದನ್ನು ನಿಮಗೆ ಹೇಳಬೇಕೆಂದೇ ಪೆನ್ನು ಹಿಡಿದೆ.

1611ರಲ್ಲಿ, ಅಂದರೆ ಇಂಗ್ಲೆಂಡಿನ ರಾಜ ಜೇಮ್ಸನ ಪ್ರಸಿದ್ಧ ಬೈಬಲ್ ಅನುವಾದ ಅಚ್ಚಾದ ವರ್ಷವೇ, ಎಮಿಲಿಯಾ ಲಾನ್ಯರ್ ಎಂಬಾಕೆ ಒಂದು ಕಾವ್ಯ ಅಚ್ಚು ಹಾಕಿಸಿದಳು. ಅದರಲ್ಲಿ ಹವ್ವಳ ಪರವಾಗಿ ವಕಾಲತ್ತು ಮಾಡುವವಳು ಯೇಸುವಿಗೆ ಮರಣದಂಡನೆ ವಿಧಿಸಿದ ಪಿಲಾತನ ಹೆಂಡತಿ. ಅವಳ ವಾದವನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ. ತಿನ್ನಬೇಡ ಎಂಬ ಆಜ್ಞೆ ಆದದ್ದು ಆದಾಮನಿಗೆ, ಹವ್ವ ಹುಟ್ಟುವ ಮುಂಚೆ. ಅವನೇ ಬಲಶಾಲಿ, ಅವನೇ ಒಡೆಯ ಎನ್ನುತ್ತೀರಲ್ಲ, ಹಾಗಾದರೆ ಬೇಡ ಎನ್ನಬೇಕಾದ ಹೊಣೆ ಯಾರದು? ಅವಳು ತಿಳಿಯದೆ ಮಾಡಿದಳು; ನೀವು ಗಂಡಸರು ತಿಳಿದೂ ತಿಳಿದೂ ನಿರಪರಾಧಿ ಯೇಸುವನ್ನು ಶಿಲುಬೆಗೇರಿಸಲು ಹೊರಟಿದ್ದೀರಿ. ಯಾರ ಪಾಪ ದೊಡ್ಡದು? ನಮ್ಮ ಸ್ವಾತಂತ್ರ್ಯ ನಮಗೆ ಹಿಂದಕ್ಕೆ ಕೊಡಿ. ನಾನೂರು ವರ್ಷದ ಹಿಂದಿನ ವಾದವಿದು! ಒಡೆತನ ಬೇಕು, ಹೊಣೆ ಮಾತ್ರ ಬೇಡ ಎನ್ನುವವರಿಗೆ ಇವತ್ತಿಗೂ ಉತ್ತರವಿಲ್ಲ.

1792ರಲ್ಲಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಹೆಣ್ಣಿನ ಹಕ್ಕುಗಳ ಬಗ್ಗೆ ಬರೆದ ಪುಸ್ತಕದಲ್ಲಿ ಮಿಲ್ಟನ್ನನ ಹವ್ವಳನ್ನು ಕೈಗೆತ್ತಿಕೊಂಡು, ಹೆಣ್ಣನ್ನು ಬರೀ ಚೆಲುವಿಗೂ ವಿಧೇಯತೆಗೂ ಮಾಡಿದ ಗೊಂಬೆಯೆಂದು ತಿಳಿದದ್ದನ್ನು ತರಾಟೆಗೆ ತೆಗೆದುಕೊಂಡಳು. ಆಕೆ 1797ರಲ್ಲಿ ಹೆರಿಗೆಯ ನಂತರದ ನಂಜಿನಿಂದ ತೀರಿಕೊಂಡಳು. ಅಂದು ಹುಟ್ಟಿದ ಮಗಳೇ ಮೇರಿ ಶೆಲ್ಲಿ. ಅವಳು ಬರೆದ 'ಫ್ರಾಂಕೆನ್‌ಸ್ಟೈನ್' (1818) ಕಾದಂಬರಿಯ ಹೆಸರನ್ನು ನಿಮ್ಮ ಮಕ್ಕಳು ಕೇಳಿರುತ್ತಾರೆ, ಭೂತದ ಸಿನಿಮಾ ಎಂದುಕೊಂಡಿರುತ್ತಾರೆ. ಅದು ಸೃಷ್ಟಿಯ ಕತೆಯನ್ನೇ ತಿರುಗಿಸಿ ಹೇಳಿದ ಪುಸ್ತಕ. ವಿಜ್ಞಾನಿಯೊಬ್ಬ ಹೆಣಗಳ ತುಂಡು ಜೋಡಿಸಿ ಒಬ್ಬ ಮನುಷ್ಯನನ್ನು ಮಾಡುತ್ತಾನೆ, ಮಾಡಿದ ಮೇಲೆ ಹೇಸಿ ತೊರೆದು ಓಡಿಹೋಗುತ್ತಾನೆ. ಆ ಅನಾಥ ಜೀವ 'ಪ್ಯಾರಡೈಸ್ ಲಾಸ್ಟ್' ಓದುತ್ತದೆ, ಆದಾಮನಿಗಿದ್ದಂತೆ ನನಗೂ ಒಬ್ಬ ಜೊತೆಗಾತಿಯನ್ನು ಮಾಡಿಕೊಡು ಎಂದು ಬೇಡುತ್ತದೆ. ವಿಜ್ಞಾನಿ ಒಪ್ಪುತ್ತಾನೆ, ಹೆಣ್ಣಿನ ದೇಹವನ್ನು ಮಾಡಲು ತೊಡಗುತ್ತಾನೆ. ನಡುವೆ ಅವನಿಗೆ ಒಂದು ಭಯ ಹುಟ್ಟುತ್ತದೆ. ಊರು ಬಿಟ್ಟು ದೂರ ಹೋಗುತ್ತೇನೆಂದು ಗಂಡು ಮಾತು ಕೊಟ್ಟಿದೆ, ಆದರೆ ಹೆಣ್ಣು ಮಾತು ಕೊಟ್ಟಿಲ್ಲವಲ್ಲ! ತಾನು ಹುಟ್ಟುವ ಮುಂಚೆಯೇ ಇಬ್ಬರು ಮಾಡಿಕೊಂಡ ಒಪ್ಪಂದಕ್ಕೆ ಅವಳು ಒಪ್ಪದೆ ಹೋದರೆ? ಅವಳಿಗೂ ಒಂದು ಬುದ್ಧಿ, ಒಂದು ಮನಸ್ಸು ಇದ್ದರೆ? ಹೀಗೆ ಯೋಚಿಸಿ ಅರೆಬರೆಯಾಗಿದ್ದ ಹೆಣ್ಣುದೇಹವನ್ನು ಹರಿದು ಚೂರು ಮಾಡುತ್ತಾನೆ.

ಗೆಳತಿಯರೇ, ಈ ಪುಟವನ್ನು ನಾನು ಎಂದೂ ನಿರ್ಲಿಪ್ತಳಾಗಿ ಓದಲಾರೆ. ಚಾವಡಿಯಲ್ಲಿ ಗಂಡಸರು ಕೂತು ಮಾತುಕತೆ ಮುಗಿಸಿರುತ್ತಾರೆ: ಇಷ್ಟು ಗ್ರಾಂ, ಇಷ್ಟು ಲಕ್ಷ, ಛತ್ರದ ಖರ್ಚು ಹೆಣ್ಣಿನ ಕಡೆಯವರದು. ಹುಡುಗಿ ಕಾಫಿ ತಟ್ಟೆ ಹಿಡಿದು ಆಮೇಲೆ ಬರುತ್ತಾಳೆ. ಒಪ್ಪಂದಕ್ಕೆ ಅವಳು ಸಹಿ ಹಾಕಿಲ್ಲ. ಅದು ಮುರಿದರೆ ಚೂರಾಗುವುದು ಮಾತ್ರ ಅವಳ ಮೈ.

ಷಾರ್ಲಟ್ ಬ್ರಾಂಟಿಯ 'ಶರ್ಲಿ' (1849) ಕಾದಂಬರಿಯಲ್ಲಿ ನಾಯಕಿ ಶರ್ಲಿ ಒಂದು ಸಂಜೆ ಚರ್ಚಿನೊಳಕ್ಕೆ ಹೋಗದೆ ಹೊರಗೆ ಬಯಲಲ್ಲಿ ಉಳಿಯುತ್ತಾಳೆ. ಮಿಲ್ಟನ್ ದೊಡ್ಡವನಿರಬಹುದು, ಆದರೆ ಅವನು ಕಂಡದ್ದು ಮೊದಲ ಹೆಣ್ಣನ್ನಲ್ಲ, ತನ್ನ ಅಡಿಗೆಯವಳನ್ನು ಎಂದು ಗೇಲಿ ಮಾಡುತ್ತಾಳೆ. ಅವಳು ಕಾಣುವ ಹವ್ವ ಬೆಟ್ಟದಷ್ಟು ಎತ್ತರದವಳು, ದೇವರೊಡನೆ ನೇರವಾಗಿ ಮಾತಾಡುವವಳು. ಅಷ್ಟರಲ್ಲಿ ಗಿರಣಿಯ ಮೇಸ್ತ್ರಿ ಬಂದು ತಿಮೊಥೆಯನ ಪತ್ರಿಕೆಯನ್ನು ಬಾಯಿಪಾಠ ಒಪ್ಪಿಸುತ್ತಾನೆ, ಹೆಂಗಸರು ಮೌನವಾಗಿರಬೇಕು ಎಂದು. ಆಗ ಶರ್ಲಿಯ ಗೆಳತಿ ಕ್ಯಾರೊಲಿನ್ ಕೊಡುವ ಉತ್ತರ ನನಗೆ ಬಹಳ ಇಷ್ಟ: ಮೂಲ ಗ್ರೀಕ್ ಭಾಷೆ ನನಗೆ ಬಂದಿದ್ದರೆ ಎಷ್ಟೋ ಪದಗಳು ತಪ್ಪಾಗಿ ಅನುವಾದವಾಗಿರುವುದು ಕಾಣುತ್ತಿತ್ತೇನೋ ಎನ್ನುತ್ತಾಳೆ. ಓದು ಕಲಿಯಬೇಕೆಂಬ ಹಟ ಹುಟ್ಟುವುದೇ ಹೀಗೆ.

ಈಗ ಆ ಹಿರಿಯರ ಮಾತಿಗೆ ಬರೋಣ, 'ಅವನು ನಿನ್ನನ್ನು ಆಳುತ್ತಾನೆ' ಎಂಬ ಮಾತಿಗೆ. ದಕ್ಷಿಣ ಕ್ಯಾರೊಲಿನಾದಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದ ಮನೆತನದಲ್ಲಿ ಹುಟ್ಟಿ, ಗುಲಾಮಗಿರಿಯ ವಿರುದ್ಧವೇ ನಿಂತ ಸಾರಾ ಗ್ರಿಮ್ಕೆ 1838ರಲ್ಲಿ ಇದಕ್ಕೆ ಉತ್ತರ ಬರೆದಳು. ಇದು ಆಜ್ಞೆಯಲ್ಲ, ಮುಂದೆ ಹೀಗಾಗುತ್ತದೆ ಎಂಬ ಮುನ್ಸೂಚನೆ. ಹೆಂಡತಿಯರ ಮೇಲೆ ದರ್ಬಾರು ಮಾಡಿ ಅಭ್ಯಾಸವಾಗಿದ್ದ ಅನುವಾದಕರು ಅದನ್ನು ಆಜ್ಞೆಯ ಧಾಟಿಗೆ ತಿರುಗಿಸಿದರು ಎಂದಳು. ನಮ್ಮ ಕನ್ನಡದಲ್ಲೇ ನೋಡಿ. 'ಮಳೆ ಬರುತ್ತೆ' ಎಂದರೆ ಬೇರೆ, 'ಮಳೆ ಬರಲಿ' ಎಂದರೆ ಬೇರೆ. 'ಅವನು ಕುಡಿದು ಬಂದು ಹೊಡೀತಾನೆ' ಎಂದು ತಾಯಿ ಮಗಳಿಗೆ ಎಚ್ಚರಿಕೆ ಹೇಳಿದರೆ ಅದು ಹೊಡೆಯಲು ಕೊಟ್ಟ ಅಪ್ಪಣೆಯೇ?

ಅದೇ ಅಧ್ಯಾಯದಲ್ಲಿ 'ಶಾಪ' ಎಂಬ ಪದ ಬೀಳುವುದು ಎರಡರ ಮೇಲೆ ಮಾತ್ರ, ಹಾವಿನ ಮೇಲೆ ಮತ್ತು ನೆಲದ ಮೇಲೆ. ಹೆಣ್ಣನ್ನು ಶಪಿಸಿದೆ ಎಂದು ಅಲ್ಲೆಲ್ಲೂ ಬರೆದಿಲ್ಲ. ಗಂಡಸಿಗೆ ಹೇಳಿದ್ದೇನು? ನೆಲ ಮುಳ್ಳು ಕಳೆ ಬೆಳೆಯುತ್ತದೆ, ಬೆವರು ಸುರಿಸಿ ಉಣ್ಣಬೇಕು ಎಂದು. ಹೆಣ್ಣಿಗೆ ಹೇಳಿದ್ದು ಹೆರಿಗೆಯ ನೋವು ಮತ್ತು ಗಂಡನ ಆಳ್ವಿಕೆ. ಈಗ ಕೇಳುತ್ತೇನೆ: ದೇವರ ಮಾತು ಮೀರಬಾರದೆಂದು ಯಾವ ರೈತ ಕಳೆ ಕೀಳುವುದನ್ನು ಬಿಟ್ಟಿದ್ದಾನೆ? ಟ್ರ್ಯಾಕ್ಟರು ಬಂದಾಗ, ಫ್ಯಾನು ಬಂದಾಗ, ಬೆವರು ಸುರಿಸದಿರುವುದು ಪಾಪ ಎಂದು ಯಾರಾದರೂ ಬೋಧಿಸಿದರೇ?

ಇದು ನನ್ನ ಕುಹಕವಲ್ಲ. 1847ರಲ್ಲಿ ಎಡಿನ್‌ಬರೊದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆ ನೋವಿಗೆ ಕ್ಲೋರೋಫಾರ್ಮ್ ಬಳಸಲು ಶುರು ಮಾಡಿದ. ಹೆಣ್ಣು ನೋವಿನಿಂದಲೇ ಹೆರಬೇಕೆಂದು ಗ್ರಂಥದಲ್ಲಿದೆ ಎಂಬ ಆಕ್ಷೇಪಣೆಗೆ ಅದೇ ವರ್ಷ ಆತ ಕಿರುಪುಸ್ತಕವನ್ನೇ ಬರೆದು ಉತ್ತರಿಸಿದ. ಹಾಗಾದರೆ ಕಳೆ ಕೀಳುವ ರೈತನೂ ಪಾಪಿಯೇ ಎಂದು ಕೇಳಿದವನು ಅವನೇ. ಇನ್ನೊಂದು ಚಮತ್ಕಾರದ ಮಾತೂ ಅವನದು. ಪಕ್ಕೆಲುಬು ತೆಗೆಯುವ ಮುಂಚೆ ದೇವರೇ ಆದಾಮನಿಗೆ ಗಾಢನಿದ್ದೆ ಬರಿಸಿದನಲ್ಲ, ಗಂಡಸಿಗೆ ನೋವಾಗದಿರಲೆಂದು! 1853ರಲ್ಲಿ ವಿಕ್ಟೋರಿಯಾ ರಾಣಿಯೇ ಹೆರಿಗೆಯಲ್ಲಿ ಕ್ಲೋರೋಫಾರ್ಮ್ ತೆಗೆದುಕೊಂಡಳು. ಹೀಗೆ ಮುಳ್ಳು ಹೋಯಿತು, ಬೆವರು ಹೋಯಿತು, ಹೆರಿಗೆ ನೋವಿಗೆ ಮದ್ದು ಬಂತು. ಉಳಿಸಿಕೊಂಡದ್ದು ಒಂದೇ ಒಂದು ಸಾಲು, ಗಂಡನ ಆಳ್ವಿಕೆಯ ಸಾಲು. ಅದಕ್ಕೆ ಮಾತ್ರ ಮದ್ದು ಕೇಳಬಾರದಂತೆ!

ಕೇಳಿದ ಹೆಂಗಸರಿಗೆ ಏನಾಯಿತೆಂಬುದನ್ನೂ ಮುಚ್ಚಿಡಬಾರದು. ಅಮೆರಿಕದಲ್ಲಿ ಎಲಿಜಬೆತ್ ಕೇಡಿ ಸ್ಟಾಂಟನ್ ತನ್ನ ಎಂಬತ್ತನೆಯ ವಯಸ್ಸಿನಲ್ಲಿ, 1895ರಲ್ಲಿ, 'ವುಮನ್ಸ್ ಬೈಬಲ್' ಎಂಬ ಪುಸ್ತಕದ ಮೊದಲ ಭಾಗ ಹೊರತಂದಳು. ಹೆಣ್ಣಿಗೆ ಸಂಬಂಧಿಸಿದ ಭಾಗಗಳನ್ನೆಲ್ಲ ಹೆಂಗಸರೇ ಕೂತು ಓದಿ ಬರೆದ ಟೀಕೆ ಅದು. ಮರುವರ್ಷ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಅವಳದೇ ಸಂಘಟನೆ, ಈ ಪುಸ್ತಕಕ್ಕೂ ನಮಗೂ ಸಂಬಂಧವಿಲ್ಲ ಎಂದು 53ಕ್ಕೆ 41 ಮತಗಳಿಂದ ಠರಾವು ಮಾಡಿತು. ಧರ್ಮದ ತಂಟೆ ಬೇಡ ಎಂದ ನನ್ನ ಗೆಳತಿಗೆ ಅಲ್ಲಿ 53 ಜನ ಜೊತೆಗಾತಿಯರಿದ್ದಾರೆ. ನಾನು ಆ 41ರ ಪೈಕಿ.

ಇದೆಲ್ಲ ಸಾಹಿತ್ಯದ ಮಾತಾಯಿತು ಎನ್ನುತ್ತೀರೇನೋ. ಕತೆ ಕಾನೂನಾಗುವುದನ್ನು ನೋಡಿ. ಗಂಡ ಹೆಂಡತಿ ಒಂದೇ ಶರೀರ ಎಂದು ಆದಿಕಾಂಡದಲ್ಲಿದೆ. ಎಷ್ಟು ಸುಂದರವಾದ ಮಾತು! ಇಂಗ್ಲೆಂಡಿನ ಕಾನೂನು ಪಂಡಿತರು ಗಂಡ ಹೆಂಡತಿಯನ್ನು ಕಾನೂನಿನ ಕಣ್ಣಿಗೂ ಒಬ್ಬರೇ ಮಾಡಿದರು, ಆ ಒಬ್ಬ ಯಾರೆಂದರೆ ಗಂಡ. ಹೆಂಡತಿಯ ಆಸ್ತಿ, ಸಂಪಾದನೆ ಎಲ್ಲ ಅವನಲ್ಲಿ ಕರಗಿಹೋಯಿತು. ಆ ಕಾಲದ ಇಂಗ್ಲಿಷರೇ ನಮ್ಮ ಕ್ರೈಸ್ತರಿಗೆಂದು 1869ರಲ್ಲಿ ವಿಚ್ಛೇದನ ಕಾಯ್ದೆ ಮಾಡಿದರು. ಅದರ ಪ್ರಕಾರ ಹೆಂಡತಿ ವ್ಯಭಿಚಾರ ಮಾಡಿದಳೆಂದು ತೋರಿಸಿದರೆ ಗಂಡನಿಗೆ ಬಿಡುಗಡೆ. ಹೆಂಡತಿಗೋ, ಗಂಡನ ವ್ಯಭಿಚಾರ ಒಂದೇ ಸಾಲದು, ಜೊತೆಗೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ರುಜುವಾತು ಮಾಡಬೇಕು. ಬರೀ ಹೊಡೆತ ಬಡಿತ ಅವಳಿಗೆ ವಿಚ್ಛೇದನ ಕೊಡಿಸುತ್ತಿರಲಿಲ್ಲ. ಈ ಕಾಯ್ದೆ ತಿದ್ದುಪಡಿಯಾದದ್ದು 2001ರಲ್ಲಿ! ನೂರಾ ಮೂವತ್ತೆರಡು ವರ್ಷ ನಮ್ಮ ಕ್ರೈಸ್ತ ಸೋದರಿಯರು ಇದರಡಿ ಬದುಕಿದರು. ತಿರುವಾಂಕೂರಿನ 1916ರ ಕ್ರೈಸ್ತ ಉತ್ತರಾಧಿಕಾರ ಕಾನೂನಿನಲ್ಲಿ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲು ಭಾಗ ಅಥವಾ 5000 ರೂಪಾಯಿ, ಯಾವುದು ಕಡಿಮೆಯೋ ಅದು. ಅದಕ್ಕೆ ಸ್ತ್ರೀಧನ ಎಂದು ಹೆಸರು. ಮೇರಿ ರಾಯ್ ಎಂಬ ಧೀರೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1986ರಲ್ಲಿ ಗೆದ್ದ ಮೇಲೆ ಅದು ಹೋಯಿತು.

ಕೊನೆಯದಾಗಿ, ಆ 'ಒಂದೇ ಶರೀರ' ಎಂಬ ಮಾತಿನ ಹಿಂದಿನ ಅರ್ಧವನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಎರಡನೆಯ ಅಧ್ಯಾಯದ ಇಪ್ಪತ್ತನಾಲ್ಕನೆಯ ವಚನ. ತಂದೆತಾಯಿಯರನ್ನು ಬಿಟ್ಟು ಹೋಗಬೇಕಾದವರು ಯಾರೆಂದು ಅಲ್ಲಿದೆ? ಹೆಣ್ಣಲ್ಲ. ಗಂಡು! ಗಂಡು ತನ್ನ ಮನೆ ಬಿಟ್ಟು ಹೆಂಡತಿಯನ್ನು ಕೂಡಿಕೊಳ್ಳುತ್ತಾನೆ ಎಂದಿದೆ. ಚಿನ್ನ ಹೊತ್ತು ತರಬೇಕೆಂದಾಗಲೀ, ಅತ್ತೆಮನೆಯ ಹೊಸ್ತಿಲಲ್ಲಿ ಸೈಟಿನ ಪತ್ರ ಕೊಡಬೇಕೆಂದಾಗಲೀ ಆದಿಕಾಂಡದ ಯಾವ ಅಧ್ಯಾಯದ ಯಾವ ವಚನದಲ್ಲಿದೆ? ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ವರದಕ್ಷಿಣೆಗೆ 'ದೋತ್' ಎನ್ನುತ್ತಾರೆ, ಪೋರ್ಚುಗೀಸರಿಂದ ಬಂದ ಮಾತು. ಏದೆನ್ ತೋಟದಿಂದ ಬಂದದ್ದಲ್ಲ.

ನನ್ನ ವಿದ್ಯಾರ್ಥಿನಿಗೆ ನಾನು ಉಪದೇಶವೇನೂ ಮಾಡಲಿಲ್ಲ. ಅವಳದೇ ಕನ್ನಡ ಬೈಬಲ್ ತರಿಸಿ, ಆದಿಕಾಂಡದ ಮೊದಲ ಮೂರು ಅಧ್ಯಾಯ ಇಬ್ಬರೂ ಕೂತು ಓದಿದೆವು. ಇಪ್ಪತ್ತನಾಲ್ಕನೆಯ ವಚನಕ್ಕೆ ಬಂದಾಗ ಅವಳು ನಿಲ್ಲಿಸಿದಳು, ಮತ್ತೆ ಓದಿದಳು, "ಮೇಡಂ, ಮದುವೆ ದಿನ ಇದನ್ನೇ ಓದಿದ್ರು. ನಾನು ಕೇಳಿಸಿಕೊಳ್ಳಲೇ ಇಲ್ಲ" ಎಂದಳು. ಆ ವಾರವೇ ರಕ್ಷಣಾಧಿಕಾರಿಯ ಕಚೇರಿಗೆ ಅರ್ಜಿ ಕೊಟ್ಟಳು. ಪ್ರಕರಣ ನಡೆಯುತ್ತಿದೆ. ಭಾನುವಾರ ತಪ್ಪದೆ ಚರ್ಚಿಗೂ ಹೋಗುತ್ತಾಳೆ. ಅವಳ ಸಂಘದ ಹೆಂಗಸರು, ಅವರಲ್ಲಿ ಮೂರು ಮತದವರಿದ್ದಾರೆ, ಮುಂದಿನ ತಿಂಗಳ ಸಭೆಯಲ್ಲಿ ಸಾಲದ ಲೆಕ್ಕ ಮುಗಿದ ಮೇಲೆ ಈ ಮೂರು ಅಧ್ಯಾಯಗಳನ್ನು ಗಟ್ಟಿಯಾಗಿ ಓದಿಸಬೇಕೆಂದು ಕೇಳಿದ್ದಾರೆ. ಅದರ ಮುಂದಿನ ತಿಂಗಳು ರೇಣುಕೆಯ ಕತೆಯಂತೆ. ಆ ಸರದಿಗೆ ಯಲ್ಲಮ್ಮನ ಒಕ್ಕಲಿನ ಮನೆಯವಳೊಬ್ಬಳು ತಾನೇ ಹೇಳುತ್ತೇನೆಂದು ಹೆಸರು ಕೊಟ್ಟಿದ್ದಾಳೆ.